ಸ್ಟ್ರಾಬೆರಿ ಹರ್ಬಲ್ ಟೀ: ಪೊಟ್ಟಣದಲ್ಲಿ ಘಮ, ಕಪ್ಪಿನಲ್ಲಿ ಬರೀ ಹುಳಿ. ಯಾಕೆ?

ಕಷಾಯಪ್ರಿಯ:
ಚಹಾ ಸೊಪ್ಪು ಇಲ್ಲದ, ಬಿಡಿಯಾಗಿ ಸಿಗುವ ಸ್ಟ್ರಾಬೆರಿ ಹರ್ಬಲ್ ಟೀ ಬಗ್ಗೆ ಕೇಳುತ್ತಿದ್ದೇನೆ. ಪೊಟ್ಟಣದ ಮೇಲಿನ ಪಟ್ಟಿ ಇದೇ ಕ್ರಮದಲ್ಲಿದೆ: ಹೈಬಿಸ್ಕಸ್, ಒಣ ಸೇಬು, ರೋಸ್‌ಹಿಪ್ (ಕಾಡು ಗುಲಾಬಿಯ ಹಣ್ಣು), ಅತಿಮಧುರ, ಸ್ಟ್ರಾಬೆರಿ ಚೂರು 2%, ಫ್ಲೇವರ್. 200 ಮಿ.ಲೀ. ಕುದಿನೀರಿಗೆ ಒಂದು ಚಮಚ ಹಾಕಿ 3 ನಿಮಿಷ ಬಿಟ್ಟು ಸೋಸುವುದು. ಪೊಟ್ಟಣ ಬಿಚ್ಚಿದರೆ ಜಾಮ್ ಬಾಟಲಿ ತೆರೆದ ಹಾಗೆ ವಾಸನೆ. ಕಪ್ಪಿನಲ್ಲಿ ಮಾತ್ರ ಕಡುಗೆಂಪು ಬಣ್ಣ ಮತ್ತು ಹುಳಿ, ಅದೂ ಒಂದು ಸಲದಂತೆ ಇನ್ನೊಂದು ಸಲ ಇರುವುದಿಲ್ಲ. ಹಣ್ಣಿನ ರುಚಿ ಎಲ್ಲಿ ಹೋಗುತ್ತದೆ? ಎರಡು ಕಂಪನಿಯದನ್ನು ಪಕ್ಕಪಕ್ಕ ಇಟ್ಟು ರುಚಿ ನೋಡುವ ಸರಿಯಾದ ಕ್ರಮ ಯಾವುದು? ಹಾಲು ಹಾಕಬಹುದೇ?

ಬಿಡಿಸೊಪ್ಪು:
ಹಾಲಿನದು ಮೊದಲು ಮುಗಿಸೋಣ: ಬೇಡ, ಒಡೆಯುತ್ತದೆ. ಹಾಲಿನ ಮುಖ್ಯ ಪ್ರೋಟೀನ್ ಕೇಸಿನ್, ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ರ ಸುಮಾರಿಗೆ ಗಟ್ಟಿಯಾಗುತ್ತದೆ. ಹೈಬಿಸ್ಕಸ್ ಕಷಾಯ ಗಾಢವಾಗಿದ್ದರೆ 3ರ ಆಸುಪಾಸಿನಲ್ಲಿರುತ್ತದೆ.

ಹಣ್ಣಿನ ರುಚಿ ಎಲ್ಲಿಗೂ ಹೋಗಿಲ್ಲ, ಅಲ್ಲಿ ಇದ್ದದ್ದೇ ಅಷ್ಟು. ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿರುತ್ತದೆ, ಆದ್ದರಿಂದ ನೀವು ಕುಡಿಯುತ್ತಿರುವುದು ಮುಖ್ಯವಾಗಿ ಹೈಬಿಸ್ಕಸ್. ಅಂಗಳದ ದಾಸವಾಳದ ಎಸಳಲ್ಲ ಅದು. ಪುಂಡಿಯ ಬಳಗದ ರೋಸೆಲ್ ಗಿಡದಲ್ಲಿ ಹೂವು ಉದುರಿದ ಮೇಲೆ ಕಾಯಿಯ ಸುತ್ತ ಉಳಿಯುವ ದಪ್ಪ ಕೆಂಪು ಪುಷ್ಪಪಾತ್ರೆ. ಬಣ್ಣ, ಹುಳಿ ಎರಡೂ ಅದರದ್ದೇ. 3 ಗ್ರಾಂ ಸೊಪ್ಪಿನಲ್ಲಿ 2% ಎಂದರೆ 0.06 ಗ್ರಾಂ ಒಣ ಸ್ಟ್ರಾಬೆರಿ. ಅದು ನೋಟಕ್ಕೆ ಹಾಕಿದ್ದು, ರುಚಿಗಲ್ಲ. ಜಾಮಿನ ವಾಸನೆ ಫ್ಲೇವರಿನದು, ಅದನ್ನು ಸಾಮಾನ್ಯವಾಗಿ ಒಣ ಚೂರುಗಳ ಮೇಲೆ ಸಿಂಪಡಿಸಿರುತ್ತಾರೆ. ಬಿಸಿ ತಾಗಿದ ಕೂಡಲೇ ಆವಿಯ ಜೊತೆ ಮೇಲೇಳುತ್ತದೆ. ಮುಚ್ಚಳವಿಲ್ಲದೆ ನೆನೆಸಿದರೆ ಅಡುಗೆಮನೆಯೆಲ್ಲ ಸ್ಟ್ರಾಬೆರಿ, ಕಪ್ಪಿನಲ್ಲಿ ಹುಳಿ.

3 ನಿಮಿಷವೂ ಸಾಲದು. ಒಣಗಿದ ಹೈಬಿಸ್ಕಸ್ ತೆಳು, ಬೇಗನೆ ಬಣ್ಣ, ಹುಳಿ ಬಿಡುತ್ತದೆ. ಸೇಬು, ರೋಸ್‌ಹಿಪ್ ಚೂರು ನೀರು ಕುಡಿದು ಉಬ್ಬಿ ಸಿಹಿ ಬಿಡಲು 8ರಿಂದ 10 ನಿಮಿಷ ಬೇಕು. ಹಸಿರು ಚಹಾದ ಅಭ್ಯಾಸದಿಂದ ಬೇಗ ಸೋಸುವವರಿಗೆ ಹುಳಿಯಷ್ಟೇ ಸಿಗುತ್ತದೆ, ಅದನ್ನು ಸರಿದೂಗಿಸುವ ಸಿಹಿ ಸೋಸಣಿಗೆಯಲ್ಲೇ ಉಳಿಯುತ್ತದೆ. ಇದರಲ್ಲಿ ಚಹಾ ಸೊಪ್ಪಿನಷ್ಟು ಟ್ಯಾನಿನ್ (ಒಗರು, ಕಹಿ ಕೊಡುವ ಅಂಶ) ಇಲ್ಲದ ಕಾರಣ ಹೆಚ್ಚು ಹೊತ್ತು ಬಿಟ್ಟರೂ ಚಹಾದಂತೆ ಕಹಿಯಾಗುವ ಭಯವಿಲ್ಲ.

ಸಲಸಲಕ್ಕೂ ರುಚಿ ಬದಲಾಗುವುದು ಚಮಚದ ತಪ್ಪು. ಹಗುರ ಹೈಬಿಸ್ಕಸ್ ತುಂಡು ಮೇಲೆ, ಸೇಬಿನ ಚೂರು ಮತ್ತು ಪುಡಿ ಕೆಳಗೆ ಸೇರಿಕೊಂಡಿರುತ್ತವೆ. ಪೊಟ್ಟಣವನ್ನು ದೊಡ್ಡ ತಟ್ಟೆಗೆ ಸುರಿದು ಕೈಯಾಡಿಸಿ, ಆಮೇಲೆ ತೂಕ ಮಾಡಿ ತೆಗೆಯಿರಿ. 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು.

ಹೋಲಿಕೆಗೆ: ಬಿಳಿ ಪಿಂಗಾಣಿ ಬಟ್ಟಲು ಎರಡು, ಒಂದೇ ಅಳತೆಯವು. ತಲಾ 3 ಗ್ರಾಂ ಸೊಪ್ಪು, 150 ಮಿ.ಲೀ. ಆಗಷ್ಟೇ ಕುದಿ ಬಂದ ನೀರು, ತಟ್ಟೆ ಮುಚ್ಚಿ 8 ನಿಮಿಷ. ಇದು ಚಹಾ ರುಚಿಗಾರರ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 3103ರ ಪ್ರಮಾಣವೇ (100 ಮಿ.ಲೀ.ಗೆ 2 ಗ್ರಾಂ, 6 ನಿಮಿಷ), ಹಣ್ಣಿನ ಚೂರಿಗಾಗಿ ಎರಡು ನಿಮಿಷ ಹೆಚ್ಚಿಗೆ. ಕುಡಿಯಲು ಇಷ್ಟು ಗಾಢ ಬೇಡ, 200 ಮಿ.ಲೀ.ಗೆ 3 ಗ್ರಾಂ ಸರಿ.

ತಟ್ಟೆ ತೆಗೆದ ಕೂಡಲೇ ಅದರ ಒಳಮೈ ಮೂಸಿ, ಪರಿಮಳ ಅಲ್ಲಿ ಕೂತಿರುತ್ತದೆ. ಬಾಯಿ ಸುಡದಷ್ಟು ಆರಿದ ಮೇಲೆ ಮೂಗು ಹಿಡಿದು ಒಂದು ಗುಟುಕು: ಸಿಗುವುದು ಹುಳಿ, ಸಿಹಿ, ಒಗರು ಮಾತ್ರ. ಬಾಯಲ್ಲಿ ಇರುವಾಗಲೇ ಮೂಗು ಬಿಡಿ, ಗಂಟಲ ಹಿಂಬದಿಯಿಂದ ಏರಿ ಬರುವುದೇ ಫ್ಲೇವರ್. ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಮೂಗು ಬಿಟ್ಟಾಗ ಏನೂ ಹೆಚ್ಚಾಗದಿದ್ದರೆ ಮಾಲು ಹಳತು, ಪರಿಮಳ ಹಾರಿದೆ. ಅದೇ ಬಟ್ಟಲನ್ನು ಪೂರ್ತಿ ಆರಿದ ಮೇಲೆ ಮತ್ತೆ ನೋಡಿ. ಬಿಸಿಯಲ್ಲಿ ಮುಚ್ಚಿಹೋದ ದೋಷ ಆಗ ಬಯಲಾಗುತ್ತದೆ: ಕ್ಯಾಂಡಿಯಂಥ ಕೃತಕ ವಾಸನೆ, ಸೇಬಿನ ಮುಗ್ಗಲು, ನಾಲಗೆಯ ಹಿಂಭಾಗದಲ್ಲಿ ಬಿಡದೆ ನಿಲ್ಲುವ ಸಿಹಿ. ಕೊನೆಯದು ಅತಿಮಧುರದ್ದು. ರಕ್ತದೊತ್ತಡ ಇರುವವರು ಅಂಥ ಮಿಶ್ರಣವನ್ನು ದಿನಾ ಕುಡಿಯಬಾರದು. ಅದರ ಸಿಹಿ ಅಂಶವಾದ ಗ್ಲಿಸಿರೈಜಿನ್ ಒತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ.

ಗಡಸುನೀರು:
ನೀರಿನ ಮಾತು ಬರಲೇ ಇಲ್ಲ! ಬೋರ್‌ವೆಲ್ ನೀರಿನ ಬೈಕಾರ್ಬೊನೇಟ್ ಎಂಬ ಕ್ಷಾರಗುಣದ ಲವಣ ಹುಳಿಯನ್ನು ನುಂಗುತ್ತದೆ. ಕೆಂಪು ಬರಬೇಕಾದ ಕಡೆ ಮಂಕು ನೇರಳೆ, ರುಚಿ ಸಪ್ಪೆ. ಲವಣ ಸೋಸಿ ತೆಗೆದ ಆರ್‌ಒ ನೀರಿನಲ್ಲಿ ಅದೇ ಸೊಪ್ಪು ಹಲ್ಲು ಚುಳ್ಳೆನ್ನುವಷ್ಟು ಹುಳಿ. ಎರಡು ಕಂಪನಿ ಹೋಲಿಸುವಾಗ ಒಂದೇ ಕೊಡದ ನೀರು ಬಳಸಿ, ಇಲ್ಲದಿದ್ದರೆ ಹೋಲಿಸುತ್ತಿರುವುದು ನೀರನ್ನೇ. ಆರ್‌ಒ ಇರುವ ಮನೆಯಲ್ಲಿ ಹುಳಿ ಜಾಸ್ತಿ ಅನ್ನಿಸಿದರೆ ಮೂರು ಪಾಲಿಗೆ ಒಂದು ಪಾಲು ಕಾಯಿಸಿದ ನಲ್ಲಿ ನೀರು ಬೆರೆಸಿ ನೋಡಿ.

ಇಷ್ಟು ಹುಳಿ ಇರುವುದರಿಂದ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಮತ್ತು ಅಲ್ಯೂಮಿನಿಯಂ ಪಾತ್ರೆ ದೂರವಿಡಿ. ಸ್ಟೀಲಿಗೆ ತೊಂದರೆ ಇಲ್ಲ.

ಕಷಾಯಪ್ರಿಯ:
ಸಕ್ಕರೆ ಹಾಕಿದರೆ ರುಚಿ ನೋಡಿದ ಹಾಗಾಗುತ್ತದೆಯೇ? ಐಸ್ ಹಾಕಿ ಕುಡಿಯುವುದಾದರೆ ಅಳತೆ ಬೇರೆಯೇ?

ಬಿಡಿಸೊಪ್ಪು:
ಮೊದಲ ಸುತ್ತು ಸಕ್ಕರೆ ಇಲ್ಲದೆ, ಎರಡನೆಯದಕ್ಕೆ 150 ಮಿ.ಲೀ.ಗೆ 3 ಗ್ರಾಂ ಸಕ್ಕರೆ. ಸಿಹಿ ಸ್ವಲ್ಪ ಇದ್ದರೆ ಹಣ್ಣಿನ ಪರಿಮಳ ಹೆಚ್ಚು ಗೊತ್ತಾಗುತ್ತದೆ, ಅದು ಮೋಸವೇನಲ್ಲ. ಜೇನು ಬೇಡ, ಅದರ ವಾಸನೆಯೇ ಮುಂದೆ ಬಂದು ನಿಲ್ಲುತ್ತದೆ.

ಐಸಿಗೆ: 6 ಗ್ರಾಂ ಸೊಪ್ಪು, 200 ಮಿ.ಲೀ. ಕುದಿನೀರು, 10 ನಿಮಿಷ, ಸೋಸಿ 200 ಗ್ರಾಂ ಐಸಿನ ಮೇಲೆ. ಬರೀ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸುವ ವಿಧಾನ ನನಗೆ ಒಪ್ಪಿಗೆಯಿಲ್ಲ. ಒಣ ಹೂ, ಬೇರುಗಳ ಮೇಲೆ ಸೂಕ್ಷ್ಮಜೀವಿ ಇರಬಹುದು, ತಣ್ಣೀರು ಅವನ್ನು ಕೊಲ್ಲುವುದಿಲ್ಲ.

ಶಿರಸಿಕಡೆ:
ಹೈಬಿಸ್ಕಸ್ಸಿನ ಒಗರು ಹಿಡಿಸದವರಿಗೆ ನಮ್ಮ ಮುರುಗಲು ಇದೆ (ದಕ್ಷಿಣ ಕನ್ನಡದವರ ಪುನರ್ಪುಳಿ, ಅಂದರೆ ಕೋಕಂ ಹಣ್ಣು). ಅದಕ್ಕೂ ಕೆಂಪು ಬಣ್ಣ, ಹುಳಿ ಎರಡೂ ಉಂಟು, ಹಣ್ಣಿನ ಗುಣ ಮಾತ್ರ ಹೆಚ್ಚು ದುಂಡಗೆ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆ ಸಾರಿಗೆ ಸರಿ, ಇದಕ್ಕಲ್ಲ. ಉಪ್ಪಿಲ್ಲದ್ದನ್ನೇ ಕೇಳಿ ತನ್ನಿ. 200 ಮಿ.ಲೀ.ಗೆ 2 ಗ್ರಾಂ ಸಿಪ್ಪೆ ಕತ್ತರಿಯಲ್ಲಿ ಸಣ್ಣಗೆ ಮಾಡಿ, 3 ಗ್ರಾಂ ಒಣ ಅನಾನಸ್ ಚೂರು, ಜಜ್ಜಿದ ಒಂದು ಏಲಕ್ಕಿ, ಎರಡು ಇಂಚು ಮಜ್ಜಿಗೆಹುಲ್ಲು (ಲೆಮನ್‌ಗ್ರಾಸ್). ಮುಚ್ಚಿ 10 ನಿಮಿಷ. ಸಿಪ್ಪೆ ಇಡಿಯಾಗಿ ಹಾಕಿದರೆ ಅರ್ಧ ಹುಳಿ ಒಳಗೇ ಉಳಿಯುತ್ತದೆ.

ಅನಾನಸ್ ಮನೆಯಲ್ಲಿ ಒಣಗಿಸುವವರು 4 ಮಿ.ಮೀ. ಹೋಳು ಮಾಡಿ, ಡ್ರೈಯರಿನಲ್ಲಿ 60 ಡಿಗ್ರಿ ಇಡಿ. ಬಗ್ಗಿದರೆ ಇನ್ನೂ ನೀರಿದೆ ಎಂದು ಅರ್ಥ, ಆರಿದ ಮೇಲೆ ಮುರಿಯಬೇಕು. ಅರೆ ಒಣಗಿದ್ದನ್ನು ಡಬ್ಬಿಗೆ ಹಾಕಿದರೆ ಮಳೆಗಾಲದಲ್ಲಿ ಇಡೀ ಮಿಶ್ರಣಕ್ಕೆ ಬೂಸಲು. ಅಂಗಡಿಯ ಪೊಟ್ಟಣದಲ್ಲೂ ಸೇಬಿನ ಚೂರು ಒಂದಕ್ಕೊಂದು ಅಂಟಿ ಉಂಡೆಯಾಗಿದ್ದರೆ ತೇವ ಹೊಕ್ಕಿದೆ ಎಂದೇ ತಿಳಿಯಿರಿ, ರುಚಿ ನೋಡುವ ಗೋಜಿಗೆ ಹೋಗದೆ ವಾಪಸ್ ಕೊಡಿ.