ಕ್ಯಾಂಪ್ ಲಜೂನ್: ವಿಷದ ನೀರು ಕುಡಿದ ಸೈನಿಕ ಕುಟುಂಬಗಳಿಗೆ ಉತ್ತರ ಕೊಡಬೇಕಾದವರು ಯಾರು?

ಹಾಸನದ ಹವಾಲ್ದಾರ್:
ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಕ್ಯಾಂಪ್ ಲಜೂನ್ ಅಂತ, ನೌಕಾಪಡೆ ಇಲಾಖೆಗೆ ಸೇರಿದ ಮರೀನ್ ದಳದ ದೊಡ್ಡ ನೆಲೆ ಇದೆ. 1953ರಿಂದ 1987ರವರೆಗೆ ಅಲ್ಲಿನ ನಲ್ಲಿ ನೀರಲ್ಲಿ ಟಿಸಿಇ (ಯಂತ್ರದ ಜಿಡ್ಡು ತೆಗೆಯೋ ದ್ರಾವಕ), ಪಿಸಿಇ (ಡ್ರೈ ಕ್ಲೀನಿಂಗ್ ದ್ರಾವಕ), ಇಂಧನದಲ್ಲಿರೋ ಬೆಂಜೀನ್ ಬೆರೆತಿತ್ತು. ಹತ್ತು ಲಕ್ಷದಷ್ಟು ಜನ ಆ ನೀರು ಬಳಸಿರಬಹುದು ಅಂತ ಅಂದಾಜು. ಜೆರ್ರಿ ಎನ್ಸ್‌ಮಿಂಗರ್ ಅನ್ನೋ ಮಾಸ್ಟರ್ ಸಾರ್ಜೆಂಟ್ ಮಗಳು ಜೇನಿ 1985ರಲ್ಲಿ, ಒಂಬತ್ತನೇ ವಯಸ್ಸಿಗೆ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಳು. ನೀರಿನ ವಿಷಯ ಆ ತಂದೆಗೆ ಗೊತ್ತಾದದ್ದು 1997ರಲ್ಲಿ, ಅದೂ ಟಿವಿ ಸುದ್ದಿ ನೋಡಿ. ಸರ್ಕಾರದ ಮೇಲೆ ದಾವೆ ಹೂಡಲು ಕಾನೂನು ಬಂದದ್ದು 2022ರಲ್ಲಿ.
ನಾನೂ ಫ್ಯಾಮಿಲಿ ಕ್ವಾರ್ಟರ್ಸ್‌ನಲ್ಲಿ ಮಕ್ಕಳನ್ನ ಸಾಕಿದವನು. ಸೇನೆಯ ಕಟ್ಟಡ, ನೀರು ನೋಡಿಕೊಳ್ಳೋ ಎಂಇಎಸ್‌ನವರು ಬಿಟ್ಟ ನೀರೇ ನಮಗೆ ಗತಿ. ಸೈನಿಕನ ಹೆಂಡತಿ ಮಕ್ಕಳು ಎಲ್ಲಿರಬೇಕು, ಯಾವ ನೀರು ಕುಡಿಯಬೇಕು ಅಂತ ತೀರ್ಮಾನ ಮಾಡೋದು ಸರ್ಕಾರ. ಹಾಗಿದ್ಮೇಲೆ ಪುರಾವೆ ಹೊತ್ತುಕೊಂಡು ಕೋರ್ಟಿಗೆ ಅಲೆಯಬೇಕಾದವರು ಆ ತಾಯಂದಿರಾ?

ರಾಲೀ ರಘು:
"ಬಿಟ್ಟ ನೀರು" ಅಂದ್ರಲ್ಲ ಸರ್, ಅದಕ್ಕೆ ವಿಷ ಎಲ್ಲಿಂದ ಬಂತು ಅನ್ನೋದನ್ನೂ ಹೇಳಬೇಕಿತ್ತು. ಆ ನೆಲೆ ನಮ್ಮೂರಿಂದ ಎರಡು ಗಂಟೆ ದಾರಿ, ಇಲ್ಲಿ ಈ ಸುದ್ದಿ ಓದಿ ಓದಿ ಸಾಕಾಗಿದೆ. ನೆಲೆಯ ಟರಾವಾ ಟೆರೇಸ್ ವಸತಿಯ ಬಾವಿಗಳಿಗೆ ಪಿಸಿಇ ಇಳಿದದ್ದು ನೆಲೆಯ ಹೊರಗಿದ್ದ ಎಬಿಸಿ ವನ್-ಅವರ್ ಕ್ಲೀನರ್ಸ್ ಅನ್ನೋ ಡ್ರೈ ಕ್ಲೀನಿಂಗ್ ಅಂಗಡಿಯಿಂದ. ಅದು ಖಾಸಗಿ ಅಂಗಡಿ. ಒಬ್ಬ ವ್ಯಾಪಾರಿ ಚೆಲ್ಲಿದ್ದಕ್ಕೆ ತೆರಿಗೆ ಕಟ್ಟೋರೆಲ್ಲ ದುಡ್ಡು ಕೊಡಬೇಕಾ?

ಕೆಮಿಸ್ಟ್ ಕುಸುಮಾ:
ಅರ್ಧ ನೆಲೆಯ ಕಥೆ ಹೇಳಿ ನಿಲ್ಲಿಸಿಬಿಟ್ರಿ. ಹ್ಯಾಡ್ನಾಟ್ ಪಾಯಿಂಟ್ ಅನ್ನೋದು ಅದೇ ನೆಲೆಯ ಬೇರೆಯೇ ನೀರಿನ ವ್ಯವಸ್ಥೆ. ಅಲ್ಲಿಗೆ ವಿಷ ಸೇರಿದ್ದು ನೆಲೆಯೊಳಗಿನ ಇಂಧನ ಟ್ಯಾಂಕ್ ಸೋರಿಕೆ, ವರ್ಕ್‌ಶಾಪ್ ಭಾಗದಲ್ಲಿ ಚೆಲ್ಲಿದ ದ್ರಾವಕ, ಕಸ ಹೂತ ಜಾಗಗಳಿಂದ. 1982ರಲ್ಲಿ ಅಲ್ಲಿನ ನಲ್ಲಿ ನೀರಲ್ಲಿ ಟಿಸಿಇ 1,400 ಪಿಪಿಬಿ (ನೂರು ಕೋಟಿ ಪಾಲಿನಲ್ಲಿ 1,400 ಪಾಲು) ಸಿಕ್ಕಿತ್ತು. ಇವತ್ತಿನ ಮಿತಿ 5.

ರಾಲೀ ರಘು:
"ಇವತ್ತಿನ ಮಿತಿ". ನೀವೇ ಹೇಳಿಬಿಟ್ರಿ. 1982ರಲ್ಲಿ ಟಿಸಿಇಗೆ ಮಿತಿಯೇ ಇರಲಿಲ್ಲ. ಇಲ್ಲದ ನಿಯಮ ಮುರಿದದ್ದಕ್ಕೆ ಶಿಕ್ಷೆ ಯಾವ ನ್ಯಾಯ?

ಧಾರವಾಡದ ವಕೀಲೆ:
ಅಲ್ರೀ, ನಿಯಮ ಇರಲಿಲ್ಲ ಅಂತ ಯಾರ್ ಹೇಳಿದ್ರು ನಿಮಗ? ಆರೋಗ್ಯಕ್ಕ ಅಪಾಯ ಆಗುವಂಥ ವಸ್ತು ಕುಡಿಯೂ ನೀರಿನ್ಯಾಗ ಇರಬಾರದು ಅಂತ ನೌಕಾಪಡೆ ವೈದ್ಯಕೀಯ ವಿಭಾಗದ್ದ ಸೂಚನಾ 1963ರಾಗನ ಇತ್ತು. 1980ರಾಗ ಪರೀಕ್ಷಾ ಸುರು ಆತು. ನೀರಿನ್ಯಾಗ ದ್ರಾವಕ ಸಿಕ್ಕಾಪಟ್ಟೆ ಅದ ಅಂತ ಸೇನೆಯ ಲ್ಯಾಬಿನವರು 1981ರಾಗ ವರದಿ ಮ್ಯಾಲೆ ಕೈಯಿಂದ ಬರದ್ರು. ಕೆಟ್ಟ ಬಾವಿ ಬಂದ್ ಮಾಡಿದ್ದು ಯಾವಾಗ? 1984ರ ಕೊನೀಗೆ, 1985ರ ಸುರುವಿಗೆ. ನಡುವಿನ ಆ ವರ್ಷಗಳಿಗೆ ಅಂಗಡಿಯವನ ಹೆಸರು ಹೇಳಬ್ಯಾಡ್ರಿ.

ರಾಲೀ ರಘು:
ಅಂಗಡಿಯವನ ಹೆಸರು ಯಾಕೆ ಹೇಳಬಾರದು? ಆ ಜಾಗವನ್ನ ಅಮೆರಿಕದ ಪರಿಸರ ಸಂಸ್ಥೆಯೇ 1989ರಲ್ಲಿ, ಶುಚಿ ಮಾಡಲೇಬೇಕಾದ ವಿಷದ ಜಾಗಗಳ ಸೂಪರ್‌ಫಂಡ್ ಪಟ್ಟಿಗೆ ಸೇರಿಸಿದೆ.

ಕೆಮಿಸ್ಟ್ ಕುಸುಮಾ:
ಅದೇ ವರ್ಷ ಕ್ಯಾಂಪ್ ಲಜೂನನ್ನೂ ಅದೇ ಪಟ್ಟಿಗೆ ಸೇರಿಸಿದ್ದಾರೆ. ಅದನ್ನ ಯಾಕೆ ಬಿಟ್ರಿ? ಇನ್ನೊಂದು ಮಾತು: ಅಂಗಡಿ ಕೆಳಗಿನ ಪಿಸಿಇ ಅಂತರ್ಜಲದಲ್ಲಿ ಹರಿದು ಬಂದದ್ದು ಟಿಟಿ-26 ಅನ್ನೋ ಬಾವಿಗೆ. ಆ ಬಾವಿ ಮರೀನ್ ದಳದ್ದು, ಪಂಪ್ ಮಾಡ್ತಿದ್ದವರೂ ಅವರೇ, ಮನೆಗಳಿಗೆ ಹಂಚಿದವರೂ ಅವರೇ.

ರಾಲೀ ರಘು:
ಅಂದ್ರೆ ಪಿಸಿಇ ಅಂಗಡಿಯದ್ದೇ ಅಂತ ಒಪ್ಪಿಕೊಂಡ್ರಿ.

ಕೆಮಿಸ್ಟ್ ಕುಸುಮಾ:
ಟರಾವಾ ಟೆರೇಸ್ ಪಿಸಿಇ ಅಂಗಡಿಯದ್ದಲ್ಲ ಅಂತ ನಾನು ಎಲ್ಲೂ ಬರೆದಿಲ್ಲ. ಬರೆದದ್ದು ಹ್ಯಾಡ್ನಾಟ್ ಪಾಯಿಂಟ್ ಬಗ್ಗೆ. ಅದಕ್ಕೆ ನೀವಿನ್ನೂ ಒಂದು ಸಾಲೂ ಉತ್ತರ ಕೊಟ್ಟಿಲ್ಲ.

ಉಡುಪಿ ಶೆಟ್ರು:
ಅಂಗಡಿ ಬಾವಿ ಎಲ್ಲ ಬಿಡಿ ಮಾರಾಯ್ರೆ. ಸೇನೆಯಲ್ಲಿದ್ದವರಿಗೆ ಚಿಕಿತ್ಸೆ ಇದೆ, ಕುಟುಂಬದವರಿಗೂ 2012ರ ಕಾನೂನಿನಲ್ಲಿ 15 ಕಾಯಿಲೆಗಳಿಗೆ ನೆರವು ಕೊಟ್ಟಿದ್ದಾರೆ. 2022ರ ಕಾನೂನಿನಡಿ ಪರಿಹಾರಕ್ಕೆ ನಾಲ್ಕು ಲಕ್ಷಕ್ಕಿಂತ ಹೆಚ್ಚು ಕ್ಲೇಮ್ ಬಂದದ್ದು ಯಾಕೆ? ವಕೀಲರು ಟಿವಿಯಲ್ಲಿ ಹಗಲೂ ರಾತ್ರಿ ಜಾಹೀರಾತು ಹಾಕಿದ್ದಕ್ಕೆ. ಕಾಯಿಲೆ ಬಂದವರೆಲ್ಲ ನೀರಿನಿಂದಲೇ ಅಂದರೆ ಹೇಗೆ?

ಧಾರವಾಡದ ವಕೀಲೆ:
ವಕೀಲರ ಫೀಗೆ ನ್ಯಾಯ ಇಲಾಖೆನ ಮಿತಿ ಹಾಕ್ಯದ. ಕ್ಲೇಮ್ ಹಂತದಾಗ ಮುಗದ್ರ 20 ಪರ್ಸೆಂಟ್, ದಾವೆ ಹೂಡಿದ್ರ 25. ಜಾಹೀರಾತು ಕಂಡು ನಿಮಗ ಸಿಟ್ಟು ಬರ್ತದ. ವರ್ಷಗಟ್ಟಲೆ ಸುದ್ದಿ ಮುಚ್ಚಿಟ್ಟಿದ್ದಕ್ಕ ಯಾಕ ಬರೂದಿಲ್ಲ?

ಉಡುಪಿ ಶೆಟ್ರು:
ಫೀ ವಿಚಾರ ನಾನು ಕೇಳಲೇ ಇಲ್ಲ. ನೀರಿಗೂ ಕಾಯಿಲೆಗೂ ಸಂಬಂಧ ತೋರಿಸಿ. 2009ರಲ್ಲಿ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಖಚಿತವಾಗಿ ಹೇಳಲಾಗದು ಅಂತ ವರದಿ ಕೊಟ್ಟಿದೆ.

ಕೆಮಿಸ್ಟ್ ಕುಸುಮಾ:
2009ಕ್ಕೇ ನಿಂತುಬಿಟ್ರಲ್ಲ. ಕ್ಯಾಲಿಫೋರ್ನಿಯಾದ ಕ್ಯಾಂಪ್ ಪೆಂಡಲ್‌ಟನ್‌ನ ನೀರಲ್ಲಿ ಈ ವಿಷ ಇರಲಿಲ್ಲ. ಅಲ್ಲಿದ್ದವರ ಜೊತೆ ಹೋಲಿಸಿ 2023ರಲ್ಲಿ ಬಂದ ಅಧ್ಯಯನದಲ್ಲಿ ಲಜೂನ್‌ನಲ್ಲಿದ್ದವರಿಗೆ ಪಾರ್ಕಿನ್ಸನ್ಸ್ ಅಪಾಯ 70 ಶೇಕಡಾ ಹೆಚ್ಚು. 2024ರಲ್ಲಿ ಸರ್ಕಾರದ್ದೇ ಸಂಸ್ಥೆ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಕ್ಯಾನ್ಸರ್‌ಗಳ ಅಪಾಯ ಕನಿಷ್ಠ 20 ಶೇಕಡಾ ಹೆಚ್ಚು.

ರಾಲೀ ರಘು:
"ಕೆಲವು". ಎಲ್ಲ ಕ್ಯಾನ್ಸರ್ ಅಲ್ಲ. ಮತ್ತೆ ಇದರಲ್ಲಿ ಪಿಸಿಇ ಪಾಲು ಎಷ್ಟು, ಟಿಸಿಇ ಪಾಲು ಎಷ್ಟು? ಪಿಸಿಇ ಅಂದ್ರೆ ಮತ್ತೆ ಅಂಗಡಿಗೇ ಬಂದು ನಿಲ್ಲತ್ತೆ.

ಹಾಸನದ ಹವಾಲ್ದಾರ್:
ಎಷ್ಟು ಸಲ ಆ ಅಂಗಡಿ ಬಾಗಿಲು ತಟ್ಟುತ್ತೀರಿ ರಘು? ನಾನು ಕೇಳಿದ್ದು ಜವಾಬ್ದಾರಿ ಬಗ್ಗೆ. ಮಗುವನ್ನ ಮಣ್ಣು ಮಾಡಿ ಬಂದ ಅಪ್ಪ ಹನ್ನೆರಡು ವರ್ಷ ಕಾರಣ ಗೊತ್ತಿಲ್ಲದೆ ಬದುಕಿದ. ಅವನು ಅದೇ ಮರೀನ್ ದಳದಲ್ಲಿ ದುಡಿದವನು. ಅವನ ಮನೆಗೆ ಒಂದು ಕಾಗದ ಬರೆಯೋಕೆ ಯಾವ ಅಂಗಡಿ ಅಡ್ಡ ಬಂದಿತ್ತು? ನಾಚಿಕೆ ಆಗಬೇಕು.

ರಾಲೀ ರಘು:
ನಾಚಿಕೆ ಪದ ನನಗೆ ಬಳಸಬೇಡಿ. ನಾನೂ ಎರಡು ಮಕ್ಕಳ ತಂದೆ. ದುಃಖ ಇದೆ ಅಂತ ಲೆಕ್ಕ ಬದಲಾಗಲ್ಲ. ವಿಷ ಚೆಲ್ಲಿದವನನ್ನ ಬಿಟ್ಟು ಸರ್ಕಾರವನ್ನ ಮಾತ್ರ ಹಿಡಿದರೆ ಮುಂದೆ ಯಾವ ವ್ಯಾಪಾರಿಯೂ ಹೆದರಲ್ಲ.

ಧಾರವಾಡದ ವಕೀಲೆ:
ಅಂಗಡಿ ಇಲ್ಲದ ಊರಿಗೇ ಹೋಗೋಣ ಬರ್ರಿ. ಹವಾಯಿಯ ರೆಡ್ ಹಿಲ್. ನೌಕಾಪಡೆಯ ಸ್ವಂತ ಇಂಧನ ಟ್ಯಾಂಕು, ಕುಡಿಯೂ ನೀರಿನ ಅಂತರ್ಜಲದ ಮ್ಯಾಲೆ ಬರೇ ನೂರು ಅಡಿ ಎತ್ತರದಾಗ. 2021ರ ನವೆಂಬರ್‌ನ್ಯಾಗ ಜೆಟ್ ಇಂಧನ ಸೋರಿ ಸೈನಿಕರ ಮನಿ ನಲ್ಲಿಗೆ ಬಂತು. ಸಾವಿರಾರು ಮಂದಿ ಹಾಸಿಗಿ ಹಿಡದ್ರು, ಮಕ್ಕಳಿಗೆ ವಾಂತಿ, ಮೈಯೆಲ್ಲ ಗಂದಿ. ಇಲ್ಲಿ ಯಾರನ್ನ ಹಿಡೀತೀರಿ?

ಉಡುಪಿ ಶೆಟ್ರು:
ಅಲ್ಲಿ ಸರ್ಕಾರ ಹೊಣೆ ಒಪ್ಪಿಕೊಂಡಿದೆ. ಟ್ಯಾಂಕ್ ಮುಚ್ಚಲು 2022ರಲ್ಲಿ ರಕ್ಷಣಾ ಮಂತ್ರಿಯೇ ಆದೇಶ ಕೊಟ್ಟರು. ವ್ಯವಸ್ಥೆ ಕೆಲಸ ಮಾಡ್ತದೆ ಅಂತ ಆಯಿತಲ್ಲ?

ಧಾರವಾಡದ ವಕೀಲೆ:
"ಕೆಲಸ ಮಾಡ್ತದ" ಅಂದ್ರ? 2025ರಾಗ ಕೋರ್ಟು ಮೊದಲ 17 ಮಂದಿಗೆ ಕೊಟ್ಟಿದ್ದು ಎಲ್ಲಾ ಸೇರಿ ಸುಮಾರು 6,80,000 ಡಾಲರ್. ಕೆಲವರಿಗೆ ಸಿಕ್ಕಿದ್ದು ಬರೇ ಐದು ಸಾವಿರ ಡಾಲರ್. ಮೂವರು ನಿವೃತ್ತ ಅಡ್ಮಿರಲ್‌ಗಳಿಗೆ ಖಂಡನಾ ಪತ್ರ ಹೋತು, ಅಷ್ಟ. ಲಜೂನ್ ವಿಚಾರದಾಗ ಕ್ರಿಮಿನಲ್ ತನಿಖಾ ನಡದು ಒಬ್ಬರ ಮ್ಯಾಲೂ ಕೇಸ್ ಆಗಲಿಲ್ಲ.

ರಾಲೀ ರಘು:
ಹವಾಯಿ ಈ ಚರ್ಚೆಯ ವಿಷಯ ಅಲ್ಲ. ಶೀರ್ಷಿಕೆ ಕ್ಯಾಂಪ್ ಲಜೂನ್.

ಹಾಸನದ ಹವಾಲ್ದಾರ್:
ಸರಿ, ಲಜೂನಿಗೇ ಬನ್ನಿ. ಅಮೆರಿಕದ ಸುಪ್ರೀಂ ಕೋರ್ಟಿನ 1950ರ ಫೆರೆಸ್ ತೀರ್ಪು ಸೈನಿಕ ದಾವೆ ಹೂಡೋಕೇ ಬಿಡಲಿಲ್ಲ. ಕುಟುಂಬದವರು ಹೋದರೆ ನಾರ್ತ್ ಕೆರೊಲಿನಾದ ಹತ್ತು ವರ್ಷದ ಗಡುವು ಮೀರಿದೆ ಅಂದರು. 2019ರಲ್ಲಿ ನೌಕಾಪಡೆ ಸುಮಾರು 4,400 ಕ್ಲೇಮ್ ಒಂದೇ ಏಟಿಗೆ ತಿರಸ್ಕರಿಸಿತು. 2022ರಲ್ಲಿ ಕೊನೆಗೂ ಬಾಗಿಲು ತೆಗೆದು ಎರಡೇ ವರ್ಷಕ್ಕೆ, 2024ರ ಆಗಸ್ಟ್ 10ಕ್ಕೆ, ಮತ್ತೆ ಮುಚ್ಚಿದರು. ಜ್ಯೂರಿ ಮುಂದೆ ಹೇಳಿಕೊಳ್ತೀವಿ ಅಂದರೆ ಆ ಹಕ್ಕು ಇಲ್ಲ ಅಂತ 2024ರ ಫೆಬ್ರವರಿಯಲ್ಲಿ ನ್ಯಾಯಾಧೀಶರು ಹೇಳಿದರು. ಇದರಲ್ಲಿ ಒಂದಕ್ಕಾದರೂ ಡ್ರೈ ಕ್ಲೀನರ್ ಸಹಿ ಹಾಕಿದ್ದಾನಾ, ತೋರಿಸಿ.

ರಾಲೀ ರಘು:
ಗಡುವು ಹಾಕಿದ್ದು ಸಂಸತ್ತು, ಜ್ಯೂರಿ ಬೇಡ ಅಂದದ್ದು ಕೋರ್ಟು. ಎರಡೂ ಕಾನೂನಿನ ಪ್ರಕಾರವೇ ಆಗಿದೆ. ಟರಾವಾ ಟೆರೇಸ್ ಪಿಸಿಇ ಬಗ್ಗೆ ನನ್ನ ಮಾತು ಹಾಗೇ ಇದೆ.

ಕೆಮಿಸ್ಟ್ ಕುಸುಮಾ:
ಹ್ಯಾಡ್ನಾಟ್ ಪಾಯಿಂಟ್, 1,400. ನನ್ನ ಪ್ರಶ್ನೆಯೂ ಹಾಗೇ ಇದೆ.