ಪದಚರ್ಚೆ: ‘ಹೊರ್ಶ್’ ಮತ್ತು ‘ಔಡಿ’ – ಕೇಳು, ಆಲಿಸು, ಕಿವಿಗೊಡು, ಫಲಕಕ್ಕೆ ಯಾವುದು?

ಕರಡುಗಾರ:
ಹಳೆಯ ವಾಹನಗಳ ಪ್ರದರ್ಶನದ ಕನ್ನಡ ಫಲಕ ನಾಳೆ 11ಕ್ಕೆ ಮುದ್ರಣಕ್ಕೆ ಹೋಗಬೇಕು. ಒಂದು ಕಡೆ ಸಿಕ್ಕಿಕೊಂಡಿದೆ.

ವಿಷಯ: ಔಡಿ (Audi) ಕಾರಿಗೆ ಹೆಸರು ಬಂದ ಬಗೆ. ಜರ್ಮನಿಯ ಔಗುಸ್ಟ್ ಹೊರ್ಶ್ (Horch) 1899ರಲ್ಲಿ ಕಲೋನ್‌ನಲ್ಲಿ ತಮ್ಮ ಹೆಸರಿನಲ್ಲೇ ಕಾರು ಕಂಪನಿ ಕಟ್ಟಿದರು. 1904ರಲ್ಲಿ ಅದು ತ್ಸ್ವಿಕಾವ್ ಊರಿಗೆ ಬಂತು. ಆಡಳಿತದವರ ಜೊತೆ ಕೆಟ್ಟು 1909ರಲ್ಲಿ ಹೊರಬಿದ್ದ ಹೊರ್ಶ್, ಅದೇ ಊರಲ್ಲಿ ಮತ್ತೆ ತಮ್ಮ ಹೆಸರಿನಲ್ಲೇ ಎರಡನೆಯದನ್ನು ತೆರೆದರು. ಹಳೆಯ ಕಂಪನಿ ಕೋರ್ಟಿಗೆ ಹೋಗಿ ಗೆದ್ದಿತು. ಪಾಲುದಾರ ಫಿಕೆಂಟ್‌ಷರ್ ಮನೆಯಲ್ಲಿ ಹೊಸ ಹೆಸರಿಗೆ ತಡಕಾಡುತ್ತಿದ್ದಾಗ, ಅಲ್ಲೇ ಲ್ಯಾಟಿನ್ ಪಾಠ ಓದುತ್ತಿದ್ದ ಆ ಮನೆಯ ಹುಡುಗ ‘ಹೊರ್ಶ್’ ಅನ್ನು ಲ್ಯಾಟಿನ್‌ಗೆ ತಿರುಗಿಸಿ ‘ಔಡಿ’ ಅಂದ. 1910ರ ಏಪ್ರಿಲ್‌ನಲ್ಲಿ ಅದೇ ನೋಂದಣಿಯಾಯಿತು.

ನನ್ನ ಕರಡು: “ಹೊರ್ಶ್ ಎಂದರೆ ಆಲಿಸಿರಿ, ಔಡಿ ಎಂದರೂ ಆಲಿಸಿರಿ.” ಸಪ್ಪೆ. ಜಾಗ ಇರುವುದು ಎರಡು ಸಾಲಿಗೆ.

ನುಡಿಗೋಲು:
ಮೊದಲು ‘-ಇರಿ’ ಕಿತ್ತುಹಾಕಿ. ಹೊರ್ಶ್ ಏಕವಚನದ ವಿಧಿರೂಪ, ಅಂದರೆ ಒಬ್ಬನಿಗೆ ‘ಮಾಡು’ ಎನ್ನುವ ರೂಪ. ಔಡಿಯೂ ಹಾಗೆಯೇ, ಬಹುವಚನವಾಗಿದ್ದರೆ ‘ಔಡೀತೆ’ ಆಗುತ್ತಿತ್ತು. ಕಾರಿಗೆ ಮರ್ಯಾದೆ ಕೊಡಬೇಕಾಗಿಲ್ಲ.

‘ಆಲಿಸು’ ಸಾಕು. ಆಲಿ ಎಂದರೆ ಕಣ್ಣಾಲಿ. ಗಮನ ನೆಡುವುದು ಎಂಬುದೇ ಮೂಲ ಅರ್ಥ, ಕಿವಿಗೆ ಹೊರಳಿದ್ದು ಆಮೇಲೆ. ಅಚ್ಚಗನ್ನಡ.

ಹಳೆ ಓಲೆ:
ಕಣ್ಣಾಲಿಯಿಂದ ಯಾರೂ ಕೇಳಿಸಿಕೊಂಡಿಲ್ಲ. ತೆಲುಗಿನ ಆಲಿಂಚು, ಆಲಕಿಂಚು ಪಕ್ಕದಲ್ಲೇ ಇವೆ, ಎರಡೂ ಕಿವಿಯ ಕೆಲಸವೇ. ಈ ವ್ಯುತ್ಪತ್ತಿ ಇಲ್ಲಿಗೆ ಬಿಡಿ.

ಕರಡುಗಾರರೇ, ನಿಮ್ಮ ಸಾಲು ಸಪ್ಪೆಯಾದದ್ದು ಎರಡಕ್ಕೂ ಒಂದೇ ಪದ ಹಾಕಿದ್ದರಿಂದ. ಜರ್ಮನ್‌ನಲ್ಲಿ ಬರೀ ಕೇಳುವುದಕ್ಕೆ ‘ಹೋರೆನ್’, ಕಿವಿ ನಿಮಿರಿಸಿ ಕೇಳುವುದಕ್ಕೆ ‘ಹೊರ್ಶೆನ್’. ಬಾಗಿಲಿಗೆ ಕಿವಿ ಹಚ್ಚಿ ನಿಂತವನು ಮಾಡುವುದು ಎರಡನೆಯದು. ಲ್ಯಾಟಿನ್‌ನಲ್ಲೂ ಇದೇ ಜೋಡಿ ಇದೆ: ‘ಔದೀರೆ’ ಬರೀ ಕೇಳುವುದು, ‘ಔಸ್ಕುಲ್ತಾರೆ’ ಕಿವಿಗೊಡುವುದು. ವೈದ್ಯರು ಸ್ಟೆತಸ್ಕೋಪಿನಲ್ಲಿ ಎದೆ ಕೇಳುವುದಕ್ಕೆ ಇರುವ ಪದ ಈ ಎರಡನೆಯದರಿಂದಲೇ ಬಂದದ್ದು. ಲೆಕ್ಕ ನೋಡಿದರೆ ಹೊರ್ಶ್‌ಗೆ ಸರಿಜೋಡಿ ‘ಔಸ್ಕುಲ್ತಾ’. ಹುಡುಗ ಸಡಿಲವಾಗಿ ಅನುವಾದಿಸಿದ, ಮಾರುಕಟ್ಟೆಗೆ ಅದೇ ಒಳ್ಳೆಯದಾಯಿತು. ‘ಔಸ್ಕುಲ್ತಾ’ ಎಂಬ ಕಾರನ್ನು ಯಾರು ಕೊಳ್ಳುತ್ತಿದ್ದರು?

ಆದ್ದರಿಂದ ಹೊರ್ಶ್‌ಗೆ ಕಿವಿಗೊಡು, ಔಡಿಗೆ ಕೇಳು. ‘ಕೇಳು’ ಒಂಟಿಯಾಗಿ ನಿಂತರೆ ‘ಬೆಲೆ ಕೇಳು’ ಎಂಬಂತೆ ಓದಿಸಿಕೊಳ್ಳುವ ಅಪಾಯವಿದೆ. ‘ಕಿವಿಗೊಡು’ ಮೊದಲು ಬಂದರೆ ಆ ಗೊಂದಲ ಹುಟ್ಟುವುದಿಲ್ಲ. ಸಾಲುಗಳನ್ನು ಹಿಂದುಮುಂದು ಮಾಡಬೇಡಿ.

ಕರಡುಗಾರ:
ಹಿಡಿಸಿತು. ಇನ್ನು ಉಚ್ಚಾರ. ‘ಹಾರ್ಚ್’ ಬೇಕು ಎನ್ನುವವರಿದ್ದಾರೆ. ಪತ್ರಿಕೆಗಳಲ್ಲಿ ‘ಆಡಿ’ ಎಂದೇ ಹೆಚ್ಚು.

ಹಳೆ ಓಲೆ:
‘ಹಾರ್ಚ್’ ಇಂಗ್ಲಿಷಿನವರ ಓದು. ‘ಹೊರ್ಖ್’ ಕೂಡ ತಪ್ಪು: ಜರ್ಮನ್‌ನಲ್ಲಿ ರಕಾರದ ನಂತರ ಆ ಧ್ವನಿ ಗಂಟಲಿಂದ ಬರುವುದಿಲ್ಲ, ಅಂಗುಳಿಂದ ಬರುತ್ತದೆ. ನಮ್ಮಲ್ಲಿ ಅದಕ್ಕೆ ಅಕ್ಷರವಿಲ್ಲ, ಶಕಾರ ಹತ್ತಿರ. ಒಕಾರ ಹ್ರಸ್ವ.

‘ಆಡಿ’ ಮಾತ್ರ ಬೇಡವೇ ಬೇಡ. ‘ಕೇಳು’ ಎಂಬ ಹೆಸರನ್ನು ‘ಮಾತಾಡಿ’ಯ ‘ಆಡಿ’ ಮಾಡಿ ಕೂರಿಸಿದ್ದೇವೆ. ಕನ್ನಡದಲ್ಲಿ ‘ಔ’ ಇರುವಾಗ ಅದಕ್ಕೆ ಸಬೂಬಿಲ್ಲ.

ನುಡಿಗೋಲು:
‘ಅವ್ಡಿ’ ಎನ್ನಿ. ‘ಔ’ ಕನ್ನಡಕ್ಕೆ ಬೇಕಿಲ್ಲದ ಅಕ್ಷರ.

ಹಳೆ ಓಲೆ:
ಲಿಪಿ ಸುಧಾರಣೆ ಬೇರೆ ಎಳೆಯಲ್ಲಿ.

ಕರಡುಗಾರ:
ಕೆಳಗಿನ ಪ್ಯಾರಾ: “1932ರಲ್ಲಿ ನಾಲ್ಕು ಕಂಪನಿಗಳು ಸೇರಿ ಆಟೋ ಯೂನಿಯನ್ ಆಯಿತು, ಲಾಂಛನದ ನಾಲ್ಕು ಉಂಗುರಗಳು ಆ ನಾಲ್ಕರ ಗುರುತು.” ‘ಆಟೋ ಯೂನಿಯನ್’ ಓದಿದವರು ರಿಕ್ಷಾ ಚಾಲಕರ ಸಂಘ ಅಂದುಕೊಳ್ಳುತ್ತಾರೆ. ‘ವಾಹನ ಒಕ್ಕೂಟ’ ಆದೀತೆ?

ಕೀಲೆಣ್ಣೆ:
ಆಗದು. ಒಕ್ಕೂಟ ಎಂದರೆ ಹಾಲು ಒಕ್ಕೂಟ ನೆನಪಾಗುತ್ತದೆ, ಸದಸ್ಯರು ಬೇರೆಬೇರೆಯಾಗಿಯೇ ಉಳಿಯುತ್ತಾರೆ. ಇದು ಒಂದೇ ಷೇರು ಕಂಪನಿ, ಹಿಂದೆ ನಿಂತು ನಡೆಸಿದ್ದು ಜರ್ಮನಿಯ ಸ್ಯಾಕ್ಸನಿ ರಾಜ್ಯದ ಸರ್ಕಾರಿ ಬ್ಯಾಂಕು. ‘ಔಟೊ ಊನಿಯೋನ್’ ಎಂದು ಬರೆದರೆ ರಿಕ್ಷಾ ತಾನಾಗಿ ಹೋಗುತ್ತದೆ.

‘ನಾಲ್ಕು ಕಂಪನಿಗಳು ಸೇರಿ’ ಎಂಬುದೂ ತಪ್ಪು. ವಿಲೀನವಾದವು ಮೂರು: ಔಡಿ, ಹೊರ್ಶ್, ಮತ್ತು ಡೇ-ಕಾ-ವೇ (DKW) ಗಾಡಿಗಳ ಚೊಪಾವ್ ಕಾರ್ಖಾನೆ. ವಾಂಡರರ್ ಕಂಪನಿ ತನ್ನ ಪಾಡಿಗೆ ಉಳಿಯಿತು, ಅದರ ಕಾರು ವಿಭಾಗವನ್ನಷ್ಟೇ ಇವರು ಪಡೆದರು. ‘ನಾಲ್ಕು ಹೆಸರುಗಳು ಒಂದಾದವು’ ಎನ್ನಿ, ತಪ್ಪಾಗುವುದಿಲ್ಲ.

ಡೇ-ಕಾ-ವೇಯನ್ನು ಬಿಡಿಸುವುದಾದರೆ ‘ಉಗಿಬಂಡಿ’ ಬೇಡ, ಅದು ರೈಲು. ಅದು ಜರ್ಮನ್ ಮೊದಲಕ್ಷರಗಳ ಹೆಸರು, ಮೂಲ ಅರ್ಥ ಉಗಿಶಕ್ತಿಯ ವಾಹನ. ಡೆನ್ಮಾರ್ಕಿನ ರಾಸ್ಮುಸೆನ್ ಮಾಡಹೊರಟ ಆ ಉಗಿ ಕಾರು ಕೈಗೂಡಲಿಲ್ಲ. ಮೂರು ಅಕ್ಷರ ಉಳಿದವು, ಅರ್ಥ ಬದಲಾಗುತ್ತ ಹೋಯಿತು: ಆಟಿಕೆ ಎಂಜಿನ್‌ಗೆ ‘ಹುಡುಗನ ಆಸೆ’, ಆಮೇಲೆ ‘ಪುಟ್ಟ ಅದ್ಭುತ’. ಫಲಕದಲ್ಲಿ ಅಕ್ಷರಗಳನ್ನಷ್ಟೇ ಇಡಿ. ಎರಡು ಸ್ಟ್ರೋಕ್ ಎಂಜಿನ್‌ಗೆ ‘ದ್ವಿಘಾತ’ ಬರೆಯಬೇಡಿ, ಗಣಿತ ಓದಿದವರು ವರ್ಗಸಮೀಕರಣ ಹುಡುಕುತ್ತಾರೆ. ‘ಟೂ ಸ್ಟ್ರೋಕ್’ ಮೆಕ್ಯಾನಿಕ್‌ಗೂ ಗೊತ್ತು, ಮಗುವಿಗೂ ಗೊತ್ತು.  

ಮೈಸೂರಿನವರಿಗಾಗಿ ಒಂದು ಸಾಲು ಸೇರಿಸಿ: ವಾಂಡರರ್ 1929ರಲ್ಲಿ ತನ್ನ ಮೋಟರ್‌ಸೈಕಲ್ ವ್ಯವಹಾರವನ್ನು ಚೆಕ್ ನಾಡಿನ ಯಾನೆಚೆಕ್‌ಗೆ ಮಾರಿತು. ಯಾನೆಚೆಕ್‌ನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ (ಇಂಗ್ಲಿಷ್ ಲಿಪಿಯಲ್ಲಿ JA, WA) ಸೇರಿ ‘ಜಾವಾ’. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕಿನ ಟ್ಯಾಂಕಿನ ಮೇಲಿದ್ದ ‘ವಾ’, ಈ ನಾಲ್ಕರಲ್ಲಿ ಒಂದು ಉಂಗುರ.

ನುಡಿಗೋಲು:
ಉಂಗುರ ಬೆರಳಿಗೆ. ಒಂದಕ್ಕೊಂದು ಹೆಣೆದಿದ್ದರೆ ಅದು ಕೊಂಡಿ, ಇಲ್ಲವೇ ಬಳೆ. ವಾಂಡರರ್ ‘ಅಲೆಮಾರಿ’ ಆಗಲಿ. ಟೂ ಸ್ಟ್ರೋಕ್, ಎಂಜಿನ್, ಕಂಪನಿ… ಎಲ್ಲ ಎರವಲು ತಂದ ಮೇಲೆ ಕನ್ನಡ ಫಲಕ ಯಾಕೆ?

ಹಳೆ ಓಲೆ:
ವಾಂಡರರ್ ಅಲೆಮಾರಿಯಲ್ಲ, ಜರ್ಮನ್‌ನಲ್ಲಿ ಅವನು ಚಾರಣಿಗ, ಸಂಜೆಗೆ ಮನೆಗೆ ಬರುವವನು. ಹೇಗೂ ಅಂಕಿತನಾಮ, ಅನುವಾದ ಬೇಡ.

ಎರವಲಿನ ಬಗ್ಗೆ ಈ ಎಳೆಯಲ್ಲಿ ಹಟ ಮಾಡುವುದೇ ವಿಚಿತ್ರ. ಸ್ವಂತ ಹೆಸರು ಕೈತಪ್ಪಿದ ಜರ್ಮನ್ ಒಬ್ಬ ಲ್ಯಾಟಿನ್‌ನಿಂದ ಕಡ ತಂದ ಪದವಲ್ಲವೇ ಇದು?

ನುಡಿಗೋಲು:
ಕಡವಲ್ಲ, ಕೋರ್ಟಿಗೆ ಹೆದರಿ ಹಾಕಿದ ವೇಷ. ನಮಗೆ ಯಾವ ಕೋರ್ಟು ಹೇಳಿದೆ?

ಕೀಲೆಣ್ಣೆ:
‘ಕೋರ್ಟು’ ಯಾವ ಭಾಷೆ?

ಕರಡುಗಾರ:
ಮುದ್ರಣಕ್ಕೆ ಕಳಿಸುತ್ತಿರುವುದು:

“ಜರ್ಮನ್‌ನಲ್ಲಿ ‘ಹೊರ್ಶ್’ ಎಂದರೆ ಕಿವಿಗೊಡು. ಆ ಹೆಸರು ಕೋರ್ಟಿನಲ್ಲಿ ಹೋಯಿತು.
ಲ್ಯಾಟಿನ್‌ನಲ್ಲಿ ‘ಔಡಿ’ ಎಂದರು: ಕೇಳು.”

ಕೆಳಗೆ ನಾಲ್ಕು ಉಂಗುರ, ನಾಲ್ಕು ಹೆಸರು, ಜಾವಾ ಸಾಲು. ಎಲ್ಲರಿಗೂ ವಂದನೆ.

ನುಡಿಗೋಲು:
ಬಳೆ.