ಸಹಾಯ ಬೇಕು: ಉದ್ಯಾನದ ಕೆರೆಯಲ್ಲಿ ಸಿಬ್ಬಂದಿಯಿಲ್ಲದ ಕಯಾಕ್ ಬಾಡಿಗೆ

ನಮಸ್ಕಾರ. ಸಾರ್ವಜನಿಕ ಉದ್ಯಾನವೊಂದರ ಕೆರೆಯ ದಡದಲ್ಲಿ ನಾಲ್ಕು ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ಪುಟ್ಟ ದೋಣಿ) ಹಾಗೂ ತೇಲುವ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಎರಡು ಪ್ಯಾಡಲ್ ಬೋರ್ಡ್‌ಗಳನ್ನು ಬೀಗದ ಕಪಾಟುಗಳಲ್ಲಿಟ್ಟು, ಜನರು ಮೊಬೈಲಿನಲ್ಲಿ ಹಣ ಕಟ್ಟಿ ತಾವೇ ತೆಗೆದುಕೊಂಡು, ಬಳಸಿದ ಮೇಲೆ ತಾವೇ ಮರಳಿಸುವ ಬಾಡಿಗೆ ವ್ಯವಸ್ಥೆಯನ್ನು ಆರಂಭಿಸಬೇಕೆಂದಿದ್ದೇನೆ. ಇಂಥದ್ದನ್ನು ನಡೆಸಿ ಅನುಭವವಿರುವವರು ದಯವಿಟ್ಟು ಮಾರ್ಗದರ್ಶನ ನೀಡಬೇಕು.

ಹೆಚ್ಚು ಕಾಡುತ್ತಿರುವುದು ಲೈಫ್ ಜಾಕೆಟ್‌ನ ವಿಷಯ. ದೊಡ್ಡವರ ಅಳತೆಯದನ್ನು ಮಗುವಿಗೆ ತೊಡಿಸಿದರೆ, ನೀರಿಗೆ ಬಿದ್ದೊಡನೆ ಅದು ಕಿವಿಯವರೆಗೆ ಮೇಲೇರಿ ಮೈಯಿಂದ ಜಾರಿಹೋಗಬಹುದು. ವಯಸ್ಕರಲ್ಲಿಯೂ, ಈಜು ಬಲ್ಲವರಿಗೆ ಸಾಕಾಗುವ 50 ನ್ಯೂಟನ್ ತೇಲುಬಲದ ಜಾಕೆಟ್ ಈಜು ಬಾರದವರಿಗೆ ಸಾಲದು. ಎದುರಿಗೆ ಯಾರೂ ಇಲ್ಲದಿರುವಾಗ, ಬಂದವರಿಗೆ ಈಜು ಬರುತ್ತದೆಯೇ ಎಂದು ಕೇಳುವವರು ಯಾರು? ಜಾಕೆಟನ್ನು ಕೊಕ್ಕೆಯಿಂದ ತೆಗೆಯದ ಹೊರತು ಕಯಾಕಿನ ಬೀಗ ತೆರೆಯದಂತೆ ಮಾಡಬಹುದು. ಆದರೆ ತೆಗೆದವರು ಅದನ್ನು ತೊಟ್ಟೇ ನೀರಿಗಿಳಿಯುತ್ತಾರೆಂಬ ಭರವಸೆ ಅದರಿಂದ ಸಿಗುವುದಿಲ್ಲ. ಪಟ್ಟಿ ಬಿಗಿದ ಫೋಟೊ ಕಳುಹಿಸಿದ ಮೇಲೆಯೇ ಬೀಗ ತೆರೆಯುವ ಏರ್ಪಾಡು ಪ್ರಯೋಜನಕ್ಕೆ ಬಂದೀತೇ, ಅಥವಾ ಜನ ಬೇಸತ್ತು ಹಿಂದಿರುಗುವರೇ?

ಗಾಳಿ ಜೋರಾದಾಗ ಎಲ್ಲ ಬೀಗಗಳನ್ನೂ ದೂರದಿಂದಲೇ ತಡೆಹಿಡಿಯಬಹುದು, ಸರಿ; ಆಗಲೇ ಕೆರೆಯ ಮಧ್ಯದಲ್ಲಿರುವವರನ್ನು ಕರೆಯುವುದು ಹೇಗೆ?

ಗಾಳಿ ತುಂಬಿಸುವ ಬೋರ್ಡ್‌ಗಳು ಬಿಸಿಲಿನಲ್ಲಿ ಒತ್ತಡ ಹೆಚ್ಚಿ ಹೊಲಿಗೆ ಬಿಡುವ ಅಪಾಯವಿರುವುದರಿಂದ, ಲೋಹದ ಕಪಾಟಿಗೆ ಗಟ್ಟಿ ಪ್ಲಾಸ್ಟಿಕ್ಕಿನವೇ ಲೇಸೆಂದು ನನ್ನ ಎಣಿಕೆ. ತೂಕದಿಂದಾಗಿ ಒಬ್ಬರೇ ಎತ್ತುವುದು ಕಷ್ಟವಾದೀತೆಂಬ ಅಳುಕೂ ಇದೆ.

ಉದ್ಯಾನದ ಆಡಳಿತದೊಂದಿಗೆ ಮಾಡಿಕೊಳ್ಳುವ ಒಪ್ಪಂದದಲ್ಲಿ ವಿಮೆ ಮತ್ತು ಅಪಘಾತದ ಹೊಣೆಯನ್ನು ಹೇಗೆ ನಮೂದಿಸಿದ್ದೀರಿ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.